ಹಳೇ ಕಂಪ್ಯೂಟರ್‌ಗೆ ಹೊಸ ವಿಂಡೋಸ್, ಒಳಗಿರುವ ಒಂದು ಫೈಲೂ ಹೋಗದ ಹಾಗೆ: ಪದೇ ಪದೇ ಕೇಳುವ ಪ್ರಶ್ನೆಗಳು

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಅಪ್‌ಡೇಟ್ ನಿಂತಿತು. ಅವತ್ತಿನಿಂದ ನೆಂಟರು, ಮೇಷ್ಟ್ರುಗಳು, ಅಂಗಡಿ ಲೆಕ್ಕ ನೋಡಿಕೊಳ್ಳುವವರು, ಡಿಟಿಪಿ ಮಾಡುವವರು ಎಲ್ಲರೂ ಹೆಚ್ಚುಕಡಿಮೆ ಇವೇ ಪ್ರಶ್ನೆಗಳನ್ನು ಕೇಳುತ್ತಿದ್ದಾರೆ. ಅವರು ಕೇಳಿದ ಮಾತಿನಲ್ಲೇ ಪ್ರಶ್ನೆ ಇಟ್ಟು ಉತ್ತರ ಬರೆದಿದ್ದೇನೆ. ಸುಲಭದ್ದು ಮೊದಲು, ತಲೆನೋವಿನದು ಆಮೇಲೆ. ನಿಮಗೆ ಬೇಕಾದ್ದನ್ನಷ್ಟೇ ಓದಿ, ಆದರೆ ಬ್ಯಾಕಪ್ ಭಾಗ ಮಾತ್ರ ಬಿಡಬೇಡಿ. ವಿಂಡೋಸ್ ಕೆಟ್ಟರೆ ಇನ್ನೊಂದು ಸಲ ಹಾಕಬಹುದು. ಮಗುವಿನ ಮೊದಲ ವರ್ಷದ ಫೋಟೋ ಇನ್ನೊಂದು ಸಲ ತೆಗೆಯಲು ಆಗುವುದಿಲ್ಲ.

## ಶುರು ಮಾಡುವ ಮುಂಚೆ

ಕಂಪ್ಯೂಟರ್ ಚೆನ್ನಾಗೇ ಓಡ್ತಿದೆ. ಸುಮ್ನೆ ಯಾಕೆ ಅದನ್ನ ಮುಟ್ಟಬೇಕು?

ನೆಟ್‌ಗೆ ಹಾಕುವುದೇ ಇಲ್ಲ, ಟೈಪ್ ಮಾಡಿ ಪ್ರಿಂಟ್ ತೆಗೆಯುವುದು ಮಾತ್ರ ಅನ್ನುವುದಾದರೆ ಮುಟ್ಟಲೇಬೇಡಿ. ಬ್ಯಾಕಪ್ ಒಂದು ಮಾಡಿಟ್ಟುಕೊಳ್ಳಿ, ಸಾಕು. ನೆಟ್‌ ಬ್ಯಾಂಕಿಂಗ್, ಜಿಎಸ್‌ಟಿ, ಇಮೇಲ್ ಅದರಲ್ಲೇ ನಡೆಯುತ್ತಿದ್ದರೆ ಮಾತು ಬೇರೆ. ಅಪ್‌ಡೇಟ್ ನಿಂತ ಮೇಲೆ ಪತ್ತೆಯಾಗುವ ತೂತುಗಳನ್ನು ಯಾರೂ ಮುಚ್ಚುವುದಿಲ್ಲ. ವಿಂಡೋಸ್ 7ಕ್ಕೆ 2020ರ ಜನವರಿ 14ಕ್ಕೇ ಅಪ್‌ಡೇಟ್ ನಿಂತಿದೆ, 8.1ಕ್ಕೆ 2023ರ ಜನವರಿ 10ಕ್ಕೆ. ವಿಂಡೋಸ್ 7ರಲ್ಲಿ ಕ್ರೋಮ್ 109ನೇ ಆವೃತ್ತಿಗೇ ನಿಂತಿದೆ, ಹಾಗಾಗಿ ಕೆಲವು ಸೈಟ್‌ಗಳು ತೆರೆಯುವುದೇ ಇಲ್ಲ.

ವಿಂಡೋಸ್ 10 ಇರುವ ಮನೆ ಬಳಕೆದಾರರು ಸ್ವಲ್ಪ ಸಮಯ ತಗೊಳ್ಳಬಹುದು. ಇಎಸ್‌ಯು ಅನ್ನುವ ಯೋಜನೆಗೆ ಸೇರಿಕೊಂಡರೆ 2026ರ ಅಕ್ಟೋಬರ್ 13ರವರೆಗೆ ಸೆಕ್ಯುರಿಟಿ ಅಪ್‌ಡೇಟ್ ಸಿಗುತ್ತದೆ. ಮೈಕ್ರೋಸಾಫ್ಟ್ ಖಾತೆಯಲ್ಲಿ ಲಾಗಿನ್ ಆಗಿ ಸೆಟ್ಟಿಂಗ್ಸ್ ಸಿಂಕ್ ಮಾಡಿದರೆ ದುಡ್ಡು ಕೊಡಬೇಕಿಲ್ಲ. ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ಸೇರಿಕೊಳ್ಳುವ ಕೊಂಡಿ ಇರುತ್ತದೆ, ಆದರೆ ನಿಮ್ಮದು 22ಎಚ್2 ಆವೃತ್ತಿ ಆಗಿರಬೇಕು.

ಅಪ್‌ಗ್ರೇಡ್ ಅಂದ್ರೂ ಫಾರ್ಮ್ಯಾಟ್ ಅಂದ್ರೂ ಒಂದೇನಾ? ಅಂಗಡಿಯವರು ಫಾರ್ಮ್ಯಾಟ್ ಮಾಡ್ಲೇಬೇಕು ಅಂತಾರೆ.

ಒಂದೇ ಅಲ್ಲ. ಓಡುತ್ತಿರುವ ವಿಂಡೋಸ್ ಒಳಗಿನಿಂದಲೇ ಹೊಸದರ ಸೆಟಪ್ ಶುರು ಮಾಡಿದರೆ ಅದು ಅಪ್‌ಗ್ರೇಡ್. ನಿಮ್ಮ ಫೈಲು, ಪ್ರೋಗ್ರಾಮು ಎಲ್ಲ ಇದ್ದಲ್ಲೇ ಇರುತ್ತವೆ. ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಹಳೆಯದನ್ನು ಅಳಿಸಿ ಹಾಕುವುದು ಕ್ಲೀನ್ ಇನ್‌ಸ್ಟಾಲ್. ಅದನ್ನೇ ನಾವೆಲ್ಲ ಫಾರ್ಮ್ಯಾಟ್ ಅನ್ನುತ್ತೇವೆ.

10ರಿಂದ 11ಕ್ಕೆ, 7 ಅಥವಾ 8.1ರಿಂದ 10ಕ್ಕೆ ಫಾರ್ಮ್ಯಾಟ್ ಇಲ್ಲದೆ ಹೋಗಬಹುದು. 7ರಿಂದ ನೇರವಾಗಿ 11ಕ್ಕೆ ಆಗುವುದಿಲ್ಲ. ಎಕ್ಸ್‌ಪಿ ಇದ್ದರೆ ಕ್ಲೀನ್ ಇನ್‌ಸ್ಟಾಲ್ ಒಂದೇ ದಾರಿ. 32 ಬಿಟ್‌ನಿಂದ 64 ಬಿಟ್‌ಗೆ ಹೋಗುವುದಕ್ಕೂ ಅಷ್ಟೇ, ಮತ್ತು ವಿಂಡೋಸ್ 11 ಬರುವುದು 64 ಬಿಟ್‌ನಲ್ಲಿ ಮಾತ್ರ. ಅಂಗಡಿಯವರಿಗೆ ಫಾರ್ಮ್ಯಾಟ್ ಬೇಗ ಮುಗಿಯುವ ಕೆಲಸ, ಮೇಲಾಗಿ ಹಳೇ ಕಸ ಎಲ್ಲ ಹೋಗುತ್ತದೆ. ಅವರ ದೃಷ್ಟಿಯಲ್ಲಿ ಅದು ಸರಿಯೇ. ಆದರೆ ಡೇಟಾ ನಿಮ್ಮದು, ಅಲ್ವಾ? "ಡೇಟಾ ಉಳಿಸಿ ಕೊಡ್ತೀವಿ" ಅಂದರೂ ಸಿಸ್ಟಂ ಅವರ ಕೈಗೆ ಕೊಡುವ ಮೊದಲು ನಿಮ್ಮ ಕಾಪಿ ನಿಮ್ಮ ಮನೆಯಲ್ಲಿರಲಿ.

ನಂದು ಯಾವ ವಿಂಡೋಸ್, ಎಷ್ಟು ಬಿಟ್ ಅಂತ ಎಲ್ಲಿ ನೋಡೋದು?

ವಿಂಡೋಸ್ 10ರಲ್ಲಿ ಸೆಟ್ಟಿಂಗ್ಸ್, ಸಿಸ್ಟಂ, ಅಬೌಟ್. ಹಳೆಯದರಲ್ಲಿ ಮೈ ಕಂಪ್ಯೂಟರ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್. ಪ್ರೊಸೆಸರ್ ಹೆಸರು, ರ‍್ಯಾಮ್ ಎಷ್ಟು ಅನ್ನುವುದೂ ಅಲ್ಲೇ ಇರುತ್ತದೆ. ಒಂದು ಫೋಟೋ ತೆಗೆದಿಟ್ಟುಕೊಳ್ಳಿ, ಯಾರಿಗಾದರೂ ಸಹಾಯ ಕೇಳುವಾಗ ಬೇಕಾಗುತ್ತದೆ.

ನನ್ನ ಹಳೇ ಲ್ಯಾಪ್‌ಟಾಪ್‌ಗೆ ವಿಂಡೋಸ್ 11 ಹತ್ತುತ್ತಾ?

4 ಜಿಬಿ ರ‍್ಯಾಮ್, 64 ಜಿಬಿ ಡಿಸ್ಕ್ ಹೆಚ್ಚಿನವರ ಹತ್ತಿರ ಇರುತ್ತದೆ. ತೊಡಕು ಬರುವುದು ಪ್ರೊಸೆಸರ್ ಮತ್ತು ಟಿಪಿಎಂ 2.0 (ಕೀಗಳನ್ನು ಭದ್ರವಾಗಿಡುವ ಸೆಕ್ಯುರಿಟಿ ಚಿಪ್) ಹತ್ತಿರ. ಸ್ಥೂಲವಾಗಿ ಹೇಳಬೇಕೆಂದರೆ ಇಂಟೆಲ್‌ನಲ್ಲಿ 8ನೇ ಜನರೇಶನ್‌ನಿಂದ ಈಚೆಗೆ, ಎಎಂಡಿಯಲ್ಲಿ ರೈಜನ್ 2000 ಸರಣಿಯಿಂದ ಈಚೆಗೆ. ಮೈಕ್ರೋಸಾಫ್ಟ್‌ನ ಪಿಸಿ ಹೆಲ್ತ್ ಚೆಕ್ ಅನ್ನುವ ಚಿಕ್ಕ ಪ್ರೋಗ್ರಾಂ ಹಾಕಿದರೆ ಹತ್ತುತ್ತದೋ ಇಲ್ಲವೋ ಅದೇ ಹೇಳುತ್ತದೆ.

ಪ್ರೊಸೆಸರ್ ಸರಿಯಿದ್ದೂ ಟಿಪಿಎಂ ಇಲ್ಲ ಅಂತ ತೋರಿಸಿದರೆ ಗಾಬರಿಯಾಗಬೇಡಿ, ಬಯೋಸ್‌ನಲ್ಲಿ (ವಿಂಡೋಸ್ ಶುರುವಾಗುವ ಮುಂಚೆಯೇ ತೆರೆಯುವ ಸೆಟ್ಟಿಂಗ್ಸ್‌ನಲ್ಲಿ) ಆಫ್ ಆಗಿರಬಹುದು. ಇಂಟೆಲ್ ಬೋರ್ಡ್‌ಗಳಲ್ಲಿ ಅದು ಪಿಟಿಟಿ ಅನ್ನುವ ಹೆಸರಿನಲ್ಲಿರುತ್ತದೆ, ಎಎಂಡಿಯಲ್ಲಿ ಎಫ್‌ಟಿಪಿಎಂ. ಆದರೆ ಬಯೋಸ್ ಮುಟ್ಟುವ ಮೊದಲು ಕೆಳಗಿರುವ ಬಿಟ್‌ಲಾಕರ್ (ಡಿಸ್ಕ್‌ಗೆ ಬೀಗ ಹಾಕುವ ವ್ಯವಸ್ಥೆ) ಪ್ರಶ್ನೆ ಓದಿಕೊಳ್ಳಿ.

## ಬ್ಯಾಕಪ್

ಎಲ್ಲಾ ಡಿ ಡ್ರೈವ್‌ನಲ್ಲೇ ಇಟ್ಟಿದ್ದೀನಿ. ಸಿ ಡ್ರೈವ್ ಮಾತ್ರ ಫಾರ್ಮ್ಯಾಟ್ ಆದ್ರೆ ಏನೂ ಹೋಗಲ್ಲ ಅಲ್ವಾ?

ಜಾಸ್ತಿ ಡೇಟಾ ಹೋಗುವುದೇ ಈ ನಂಬಿಕೆಯಿಂದ, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲನೆಯದು, "ಎಲ್ಲಾ" ಡಿ ಡ್ರೈವ್‌ನಲ್ಲಿ ಇರುವುದಿಲ್ಲ. ಡೆಸ್ಕ್‌ಟಾಪ್ ಮೇಲೆ ಕಾಣುವ ಫೈಲುಗಳು, ಡೌನ್‌ಲೋಡ್ಸ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಇವೆಲ್ಲ ನೀವು ಬದಲಾಯಿಸದೇ ಇದ್ದರೆ ಸಿ ಡ್ರೈವ್‌ನಲ್ಲೇ ಇರುತ್ತವೆ. ಕಣ್ಣೆದುರಿಗೇ ಇರಲಿ ಅಂತ ಮುಖ್ಯವಾದ ಫೈಲನ್ನು ಡೆಸ್ಕ್‌ಟಾಪ್ ಮೇಲೇ ಇಡುತ್ತೇವೆ, ಮೊದಲು ಹೋಗುವುದೂ ಅದೇ.

ಎರಡನೆಯದು, ಹೆಚ್ಚಿನ ಮನೆಗಳಲ್ಲಿ ಸಿ ಮತ್ತು ಡಿ ಒಂದೇ ಡಿಸ್ಕಿನ ಎರಡು ಭಾಗ. ಡಿಸ್ಕ್ ಕೆಟ್ಟರೆ ಎರಡೂ ಒಟ್ಟಿಗೆ ಹೋಗುತ್ತವೆ.

ಮೂರನೆಯದು ಯಾರೂ ಹೇಳದ ವಿಷಯ. ಪೆನ್‌ಡ್ರೈವ್‌ನಿಂದ ವಿಂಡೋಸ್ ಹಾಕುವಾಗ ಬರುವ ಪಟ್ಟಿಯಲ್ಲಿ ಸಿ, ಡಿ ಅಂತ ಬರೆದಿರುವುದಿಲ್ಲ. "ಡಿಸ್ಕ್ 0 ಪಾರ್ಟಿಷನ್ 1", "ಪಾರ್ಟಿಷನ್ 2", "ಪಾರ್ಟಿಷನ್ 3" ಅಂತ ಸಾಲಾಗಿ ಇರುತ್ತದೆ, ಪಕ್ಕದಲ್ಲಿ ಜಿಬಿ ಲೆಕ್ಕ. ಎರಡು ಭಾಗವೂ ಸುಮಾರು ಒಂದೇ ಅಳತೆಯದಾಗಿದ್ದರೆ ಯಾವುದು ಯಾವುದು ಅಂತ ಹೇಳುವುದು ಕಷ್ಟ. ಅಲ್ಲಿ ತಪ್ಪು ಸಾಲು ಆರಿಸಿ ಡಿಲೀಟ್ ಒತ್ತಿದರೆ ಕಥೆ ಮುಗಿಯಿತು. ಹಾಗಾಗಿ ಮೊದಲೇ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ಯಾವ ಡ್ರೈವ್ ಎಷ್ಟು ದೊಡ್ಡದು ಅಂತ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಕಾಪಿ ಬೇರೆ ಸಾಧನದಲ್ಲೇ ಇರಬೇಕು.

ಏನೇನು ಕಾಪಿ ಮಾಡ್ಕೋಬೇಕು? ಡಾಕ್ಯುಮೆಂಟ್ಸ್ ಒಂದು ಸಾಕಾ?

ಸಾಲದು. ಸಿ ಡ್ರೈವ್‌ನಲ್ಲಿ ಯೂಸರ್ಸ್ ಅನ್ನುವ ಫೋಲ್ಡರ್ ಇದೆ, ಅದರೊಳಗೆ ನಿಮ್ಮ ಹೆಸರಿನದು ಒಂದು. ಅದನ್ನು ಪೂರ್ತಿ ಎತ್ತಿಕೊಳ್ಳಿ. ಮನೆಯಲ್ಲಿ ಇನ್ನೊಬ್ಬರ ಲಾಗಿನ್ ಇದ್ದರೆ ಅವರದ್ದನ್ನೂ. ಆಮೇಲೆ ಸಿ ಡ್ರೈವ್‌ನ ಮೊದಲ ಪುಟದಲ್ಲೇ ನೀವು ಮಾಡಿಕೊಂಡ "ನ್ಯೂ ಫೋಲ್ಡರ್"ಗಳು, ಡಿ ಡ್ರೈವ್ ಪೂರ್ತಿ.

ಫೋಲ್ಡರ್‌ನಲ್ಲಿ ಕಾಣದಿರುವುದೂ ಇದೆ: ಬ್ರೌಸರ್‌ನಲ್ಲಿ ಉಳಿಸಿದ ಪಾಸ್‌ವರ್ಡ್ ಮತ್ತು ಬುಕ್‌ಮಾರ್ಕ್, ಔಟ್‌ಲುಕ್‌ನ ಮೇಲ್‌ಗಳಿರುವ ಪಿಎಸ್‌ಟಿ ಫೈಲ್, ಆಫೀಸ್‌ನಂಥ ಪ್ರೋಗ್ರಾಂಗಳ ಕೀ, ಫಾಂಟ್‌ಗಳು. ಬ್ರೌಸರ್‌ನದ್ದಕ್ಕೆ ಸಿಂಕ್ ಆನ್ ಮಾಡಿ, ಇನ್ನೊಂದು ಫೋನ್‌ನಲ್ಲಿ ಅದೇ ಖಾತೆ ತೆರೆದು ಬಂದಿದೆಯಾ ನೋಡಿ.

ಪೆನ್‌ಡ್ರೈವ್‌ ಸಾಕಾ, ಗೂಗಲ್ ಡ್ರೈವ್‌ಗೆ ಹಾಕಲಾ, ಹಾರ್ಡ್ ಡಿಸ್ಕ್ ತಗೋಬೇಕಾ?

ಯುಎಸ್‌ಬಿ ಹಾರ್ಡ್ ಡಿಸ್ಕ್ ಅಥವಾ ಎಸ್‌ಎಸ್‌ಡಿ ಒಳ್ಳೆಯದು. ಪೆನ್‌ಡ್ರೈವ್ ಅವತ್ತಿನ ಕೆಲಸಕ್ಕೆ ಸಾಕು, ವರ್ಷಗಟ್ಟಲೆ ನಂಬಿ ಇಡುವ ಜಾಗ ಅಲ್ಲ. ಗೂಗಲ್ ಉಚಿತವಾಗಿ ಕೊಡುವುದು 15 ಜಿಬಿ, ಅದೂ ಜಿಮೇಲ್ ಮತ್ತು ಫೋಟೋ ಸೇರಿ. ಒನ್‌ಡ್ರೈವ್‌ನಲ್ಲಿ 5 ಜಿಬಿ. ಹಾಗಾಗಿ ನನ್ನ ಸಲಹೆ, ಎಲ್ಲವನ್ನೂ ಹಾರ್ಡ್ ಡಿಸ್ಕ್‌ಗೆ ಹಾಕಿ. ಆಸ್ತಿ ಪತ್ರದ ಸ್ಕ್ಯಾನ್, ಮಾರ್ಕ್ಸ್ ಕಾರ್ಡ್, ಆಯ್ದ ಫೋಟೋಗಳು ಇಂಥ ಮತ್ತೆ ಸಿಗದವನ್ನು ಕ್ಲೌಡ್‌ಗೂ ಹಾಕಿ.

ಮದುವೆ ವಿಡಿಯೋ ಕಾಪಿ ಆಗ್ತಿಲ್ಲ. ಪೆನ್‌ಡ್ರೈವ್‌ನಲ್ಲಿ ಜಾಗ ಇದ್ರೂ ಫೈಲ್ ತುಂಬಾ ದೊಡ್ಡದು ಅಂತ ಬರ್ತಿದೆ.

ಆ ಪೆನ್‌ಡ್ರೈವ್ ಫ್ಯಾಟ್32 ಮಾದರಿಯಲ್ಲಿದೆ. ಅದರಲ್ಲಿ ಒಂದೊಂದು ಫೈಲ್ 4 ಜಿಬಿ ಒಳಗೇ ಇರಬೇಕು, ಖಾಲಿ ಜಾಗ ಎಷ್ಟೇ ಇರಲಿ. ಪೆನ್‌ಡ್ರೈವ್‌ನಲ್ಲಿರುವುದನ್ನು ಬೇರೆ ಕಡೆ ಇಟ್ಟು, ಅದನ್ನು ಎಕ್ಸ್‌ಫ್ಯಾಟ್ ಮಾದರಿಗೆ ಫಾರ್ಮ್ಯಾಟ್ ಮಾಡಿ. ರೈಟ್ ಕ್ಲಿಕ್ ಮಾಡುವಾಗ ಪೆನ್‌ಡ್ರೈವ್ ಮೇಲೇ ಮಾಡಿದ್ದೀರಾ ಅಂತ ಎರಡು ಸಲ ನೋಡಿಕೊಳ್ಳಿ.

ಕೆಲವು ಫೈಲ್ ಪಕ್ಕ ಮೋಡದ ಚಿತ್ರ ಇದೆ, ಏನದು?

ಆ ಫೈಲ್ ನಿಮ್ಮ ಡಿಸ್ಕ್‌ನಲ್ಲಿ ಇಲ್ಲ, ಒನ್‌ಡ್ರೈವ್‌ನಲ್ಲಿದೆ, ಇಲ್ಲಿ ಕಾಣುವುದು ಹೆಸರು ಮಾತ್ರ ಅಂತ ಅರ್ಥ. ನೆಟ್ ಇಲ್ಲದಾಗ ಅದನ್ನು ಕಾಪಿ ಮಾಡಲು ಆಗುವುದಿಲ್ಲ. ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ "ಆಲ್ವೇಸ್ ಕೀಪ್ ಆನ್ ದಿಸ್ ಡಿವೈಸ್" ಆರಿಸಿ, ಎಲ್ಲಾ ಹಸಿರು ಗುರುತು ಆದ ಮೇಲೆ ಕಾಪಿ ಮಾಡಿ. ಒನ್‌ಡ್ರೈವ್ ಖಾತೆಯ ಪಾಸ್‌ವರ್ಡ್ ನೆನಪಿದೆಯಾ ಅನ್ನುವುದನ್ನೂ ಇವತ್ತೇ ನೋಡಿ.

ಕಾಪಿ ಆಯ್ತು. ಸರಿಯಾಗಿ ಬಂದಿದೆ ಅಂತ ಹೇಗೆ ಗೊತ್ತಾಗೋದು?

ಮೂಲ ಫೋಲ್ಡರ್ ಮತ್ತು ಕಾಪಿ ಫೋಲ್ಡರ್ ಎರಡರ ಪ್ರಾಪರ್ಟೀಸ್ ತೆರೆದು ಫೈಲ್‌ಗಳ ಸಂಖ್ಯೆ ತಾಳೆ ನೋಡಿ. ಯೂಸರ್ಸ್ ಫೋಲ್ಡರ್‌ನಲ್ಲಿ ಸಿಸ್ಟಂನ ತಾತ್ಕಾಲಿಕ ಫೈಲುಗಳು ಕಾಪಿ ಆಗದೆ ಸ್ವಲ್ಪ ವ್ಯತ್ಯಾಸ ಬರಬಹುದು. ಆದರೆ ಫೋಟೋ, ಡಾಕ್ಯುಮೆಂಟ್ ಫೋಲ್ಡರ್‌ಗಳಲ್ಲಿ ಲೆಕ್ಕ ಸರಿಯಾಗಿ ಕೂಡಬೇಕು. ಆಮೇಲೆ ಆ ಡಿಸ್ಕನ್ನು ಇನ್ನೊಂದು ಕಂಪ್ಯೂಟರ್‌ಗೆ ಹಾಕಿ ಅಲ್ಲೊಂದು ಇಲ್ಲೊಂದು ಫೈಲ್ ತೆರೆಯಿರಿ. ವಿಡಿಯೋ ಆದರೆ ಕೊನೆಯವರೆಗೆ ಎಳೆದು ನೋಡಿ. ತೆರೆದು ನೋಡದ ಬ್ಯಾಕಪ್ಪನ್ನು ನಾನು ಬ್ಯಾಕಪ್ ಅಂತ ಲೆಕ್ಕಕ್ಕೇ ತಗೊಳ್ಳುವುದಿಲ್ಲ. ನೋಡಿ ಮುಗಿದ ಮೇಲೆ ಡಿಸ್ಕ್ ಕಿತ್ತು ಬೀರುವಿನಲ್ಲಿಡಿ. ಅಪ್‌ಗ್ರೇಡ್ ಆಗುವಾಗ ಅದು ಕಂಪ್ಯೂಟರ್‌ಗೆ ಸಿಕ್ಕಿಸಿರಬಾರದು.

## ನುಡಿ, ಟ್ಯಾಲಿ, ಪ್ರಿಂಟರ್

ನಮ್ಮ ತಂದೆ ನುಡಿಯಲ್ಲಿ ಟೈಪ್ ಮಾಡಿಟ್ಟ ಫೈಲು ಹೊಸ ವಿಂಡೋಸ್‌ನಲ್ಲಿ ತೆಗೆದ್ರೆ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆ. ಹಾಳಾಯ್ತಾ?

ಹಾಳಾಗಿಲ್ಲ. ದಯವಿಟ್ಟು ಅಳಿಸಬೇಡಿ. ಹೀಗೆ ಕಂಡ ಕೂಡಲೇ ಫೈಲ್ ಕೆಟ್ಟಿದೆ ಅಂದುಕೊಂಡು ಬಿಸಾಡುವವರಿದ್ದಾರೆ, ನನಗೆ ತುಂಬಾ ಸಂಕಟ ಆಗುವುದು ಅಲ್ಲೇ.

ನುಡಿ, ಬರಹ ಎರಡೂ ಕನ್ನಡ ಟೈಪ್ ಮಾಡುವ ತಂತ್ರಾಂಶಗಳು. ಯೂನಿಕೋಡ್ (ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಕೋಡ್ ಕೊಡುವ ಪದ್ಧತಿ) ಬಳಕೆಗೆ ಬರುವ ಮುಂಚಿನ ಅವುಗಳ ಫೈಲ್‌ಗಳಲ್ಲಿ ಕನ್ನಡ ಅಕ್ಷರ ಅಂತ ಏನೂ ಉಳಿದಿರುವುದಿಲ್ಲ. ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕೋಡ್ ಇರುತ್ತದೆ, ಅದಕ್ಕೆ ಕನ್ನಡದ ರೂಪ ಕೊಡುವುದು ಫಾಂಟ್. ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ನುಡಿಯ "ಕನ್ನಡ" ಅನ್ನುವ ಪದ ಹೀಗೆ ಕಾಣುತ್ತದೆ: ದೊಡ್ಡ ಪಿ, ತಲೆ ಮೇಲೆ ಗೀಟು ಇರುವ ಎ, ಪೌಂಡ್ ದುಡ್ಡಿನ ಗುರುತು, ಮತ್ತೆ ಗೀಟಿನ ಎ, ಜರ್ಮನ್ ಭಾಷೆಯ ಒಂದು ಅಕ್ಷರ, ಚಿಕ್ಕ ಕ್ಯೂ, ಮತ್ತೆ ಗೀಟಿನ ಎ. ಈ ಗೀಟಿನ ಎ ಪದೇ ಪದೇ ಕಂಡರೆ ಅದು ನುಡಿ ಫಾಂಟಿನ ಬರಹ ಅಂತಲೇ ಹಿಡಿಯಿರಿ.

ಹಳೇ ಕಂಪ್ಯೂಟರ್ ಇನ್ನೂ ಓಡುತ್ತಿದ್ದರೆ ಎರಡು ಕೆಲಸ ಮಾಡಿಕೊಳ್ಳಿ. ವಿಂಡೋಸ್ ಫೋಲ್ಡರ್ ಒಳಗಿನ ಫಾಂಟ್ಸ್‌ನಿಂದ ನುಡಿ ಅಂತ ಶುರುವಾಗುವ, ಬಿಆರ್‌ಎಚ್ ಅಂತ ಶುರುವಾಗುವ ಫಾಂಟ್‌ಗಳನ್ನೆಲ್ಲ ಬ್ಯಾಕಪ್ ಡಿಸ್ಕ್‌ಗೆ ಕಾಪಿ ಮಾಡಿ. ಆಮೇಲೆ ಮುಖ್ಯವಾದ ಫೈಲುಗಳನ್ನು ಅಲ್ಲೇ ತೆರೆದು ಪಿಡಿಎಫ್ ಮಾಡಿ. ಪಿಡಿಎಫ್ ಒಳಗೆ ಫಾಂಟ್ ಸೇರಿಕೊಳ್ಳುತ್ತದೆ, ಎಲ್ಲಿ ತೆರೆದರೂ ಕನ್ನಡವೇ ಕಾಣುತ್ತದೆ. ಪೇಜ್‌ಮೇಕರ್‌ನಲ್ಲಿ ಪುಸ್ತಕ, ಲಗ್ನಪತ್ರಿಕೆ ಮಾಡಿಟ್ಟವರು ಇದನ್ನು ಮೊದಲು ಮಾಡಿ.

ಹೊಸ ವಿಂಡೋಸ್ ಬಂದ ಮೇಲೆ ಫಾಂಟ್ ಹಾಕಿದರೆ ಹಳೇ ಫೈಲ್ ಮೊದಲಿನ ಹಾಗೇ ಕಾಣುತ್ತದೆ. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶ ಉಚಿತವಾಗಿಯೇ ಸಿಗುತ್ತದೆ. ನಿಧಾನವಾಗಿ ಒಂದೊಂದನ್ನೇ ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಿ, ಮೂಲ ಫೈಲ್ ಮಾತ್ರ ಹಾಗೇ ಇರಲಿ. ಪರಿವರ್ತನೆ ಆದ ಮೇಲೆ ಅರ್ಕಾವತ್ತು, ಒತ್ತಕ್ಷರ, ಮಧ್ಯೆ ಬಂದಿರುವ ಇಂಗ್ಲಿಷ್ ಪದಗಳನ್ನು ಓದಿ ನೋಡಿ. ಎಡವಟ್ಟು ಆಗುವುದು ಅಲ್ಲೇ.

ಟ್ಯಾಲಿ ಲೆಕ್ಕ ಹೋದ್ರೆ ಅಂಗಡಿ ಮುಚ್ಚಬೇಕು. ಏನು ಮಾಡ್ಲಿ?

ಫೋಲ್ಡರ್ ಕಾಪಿ ಮಾಡುವುದರ ಜೊತೆಗೆ ಟ್ಯಾಲಿಯ ಒಳಗಿನಿಂದಲೇ ಬ್ಯಾಕಪ್ ತೆಗೆಯಿರಿ. ಇಆರ್‌ಪಿ 9ರಲ್ಲಿ ಆಲ್ಟ್ ಎಫ್3, ಟ್ಯಾಲಿ ಪ್ರೈಮ್‌ನಲ್ಲಿ ಆಲ್ಟ್ ವೈ ಒತ್ತಿದರೆ ಬ್ಯಾಕಪ್ ಸಿಗುತ್ತದೆ. ಡೇಟಾ ಯಾವ ಫೋಲ್ಡರ್‌ನಲ್ಲಿದೆ ಅನ್ನುವ ದಾರಿ ಕಂಪನಿ ಆರಿಸುವ ಪರದೆಯಲ್ಲಿ ಕಾಣುತ್ತದೆ, ಬರೆದಿಟ್ಟುಕೊಳ್ಳಿ. ಫಾರ್ಮ್ಯಾಟ್ ಮಾಡುವುದಾದರೆ ಲೈಸೆನ್ಸ್ ಸರೆಂಡರ್ ಮಾಡುವುದನ್ನು ಮರೆಯಬೇಡಿ. ಮಾರ್ಚ್ ಕೊನೆಯಲ್ಲೋ, ರಿಟರ್ನ್ಸ್ ಹಾಕುವ ಕೊನೆಯ ದಿನದ ಹಿಂದಿನ ದಿನವೋ ಈ ಕೆಲಸಕ್ಕೆ ಕೈ ಹಾಕಬೇಡಿ.

ಹಳೇ ಪ್ರಿಂಟರ್ ಕೆಲಸ ಮಾಡುತ್ತಾ?

ಮಾಡೆಲ್ ನಂಬರ್ ನೋಡಿ, ಹೊಸ ವಿಂಡೋಸ್‌ಗೆ 64 ಬಿಟ್ ಡ್ರೈವರ್ ಇದೆಯಾ ಅಂತ ಕಂಪನಿಯ ಸೈಟ್‌ನಲ್ಲಿ ಮೊದಲೇ ಹುಡುಕಿ ಇಳಿಸಿಟ್ಟುಕೊಳ್ಳಿ. ಡಿಜಿಟಲ್ ಸಹಿಯ ಟೋಕನ್ ಇದ್ದರೆ ಅದರ ಡ್ರೈವರ್ ಕೂಡ.

## ಅಪ್‌ಗ್ರೇಡ್ ಮಾಡುವ ದಿನ

ಹಂತ ಹಂತವಾಗಿ ಹೇಗೆ ಮಾಡೋದು? 10ರಿಂದ 11ಕ್ಕೆ.

ಮೊದಲು ಸಿ ಡ್ರೈವ್‌ನಲ್ಲಿ ಕಡಿಮೆ ಅಂದರೆ 25–30 ಜಿಬಿ ಖಾಲಿ ಮಾಡಿ. ಬೇರೆ ಕಂಪನಿಯ ಆಂಟಿವೈರಸ್ ಇದ್ದರೆ ತೆಗೆಯಿರಿ, ಪ್ರಿಂಟರ್, ಪೆನ್‌ಡ್ರೈವ್ ಎಲ್ಲ ಬಿಚ್ಚಿಡಿ. ವಿಂಡೋಸ್ ಅಪ್‌ಡೇಟ್‌ನಲ್ಲೇ 11 ತೋರಿಸುತ್ತಿದ್ದರೆ ಅಲ್ಲಿಂದಲೇ ಮಾಡಿ. ಇಲ್ಲದಿದ್ದರೆ ಮೈಕ್ರೋಸಾಫ್ಟ್ ಸೈಟ್‌ನಿಂದ ಐಎಸ್‌ಒ (ಇಡೀ ಸೆಟಪ್ ಒಳಗೊಂಡ ಒಂದೇ ಫೈಲ್) ಇಳಿಸಿ, ಅದರ ಮೇಲೆ ಡಬಲ್ ಕ್ಲಿಕ್ ಮಾಡಿ, ಸೆಟಪ್ ಓಡಿಸಿ. ಬೇರೆ ಸೈಟ್‌ನದ್ದು ಬೇಡ. ಕ್ರ್ಯಾಕ್ ಮಾಡುವ ಆ್ಯಕ್ಟಿವೇಟರ್‌ಗಳ ಹೆಸರಲ್ಲಿ ವೈರಸ್ ಹಂಚುವುದು ಹಳೇ ದಂಧೆ.

ಕೊನೆಗೆ ಬರುವ ಪುಟದಲ್ಲಿ "ಕೀಪ್ ಪರ್ಸನಲ್ ಫೈಲ್ಸ್ ಅಂಡ್ ಆ್ಯಪ್ಸ್" ಅಂತ ಇರಬೇಕು. ಅಲ್ಲಿ "ನಥಿಂಗ್" ಅಂತ ಕಂಡರೆ ಮುಂದೆ ಹೋಗಬೇಡಿ, ಚೇಂಜ್ ಒತ್ತಿ. ಉಳಿಸುವ ಆಯ್ಕೆ ಮಂಕಾಗಿ, ಒತ್ತಲು ಬಾರದ ಹಾಗಿದ್ದರೆ ಭಾಷೆ ಅಥವಾ ಎಡಿಷನ್ ಹೊಂದುತ್ತಿಲ್ಲ ಅಂತ ಅರ್ಥ. ಈಗಿರುವುದು ಇಂಗ್ಲಿಷ್ ಯುಎಸ್ ಆದರೆ ಅದೇ ಐಎಸ್‌ಒ ಬೇಕು.

ನಮ್ದು ದಿನಕ್ಕೆ 2 ಜಿಬಿ ನೆಟ್. ಅಷ್ಟರಲ್ಲಿ ಆಗುತ್ತಾ?

ಐಎಸ್‌ಒ ಫೈಲೇ 5 ಜಿಬಿಗಿಂತ ಜಾಸ್ತಿ ಇದೆ. ಬ್ರಾಡ್‌ಬ್ಯಾಂಡ್ ಇರುವವರ ಮನೆಯಲ್ಲಿ ಇಳಿಸಿ ತನ್ನಿ. ಒಂದೇ ಫೈಲ್ 4 ಜಿಬಿ ಮೀರುವುದರಿಂದ ಎಕ್ಸ್‌ಫ್ಯಾಟ್ ಪೆನ್‌ಡ್ರೈವ್ ಬೇಕು.

ಮಧ್ಯದಲ್ಲಿ ಕರೆಂಟ್ ಹೋದ್ರೆ?

ವಿಂಡೋಸ್ ಹೆಚ್ಚಿನ ಸಲ ತಾನೇ ಹಳೇ ಆವೃತ್ತಿಗೆ ವಾಪಸ್ ಹೋಗುತ್ತದೆ. ಹೆಚ್ಚಿನ ಸಲ ಅಂದೆ, ಯಾವಾಗಲೂ ಅಲ್ಲ. ಲ್ಯಾಪ್‌ಟಾಪ್ ಆದರೆ ಬ್ಯಾಟರಿ ತುಂಬಿಸಿ ಚಾರ್ಜರ್ ಹಾಕಿಯೇ ಕೂರಿ. ಡೆಸ್ಕ್‌ಟಾಪ್‌ಗೆ ಯುಪಿಎಸ್ ಬೇಕು, ಅದೂ ಹತ್ತು ನಿಮಿಷಕ್ಕೆ ಕೈಕೊಡುವ ಹಳೇ ಬ್ಯಾಟರಿಯದಲ್ಲ. ಬೇಸಿಗೆಯ ಮಧ್ಯಾಹ್ನ, ಮಳೆಗಾಲದ ಸಂಜೆ ಬೇಡ. ಹಳೇ ಹಾರ್ಡ್ ಡಿಸ್ಕ್‌ನಲ್ಲಿ ಗಂಟೆಗಟ್ಟಲೆ ಹಿಡಿಯಬಹುದು. ಪರ್ಸೆಂಟ್ ಒಂದೇ ಕಡೆ ನಿಂತಿದೆ ಅಂತ ಪವರ್ ಬಟನ್ ಒತ್ತಬೇಡಿ. ಡಿಸ್ಕ್ ದೀಪ ಮಿನುಗುತ್ತಿದ್ದರೆ ಕೆಲಸ ನಡೆದಿದೆ.

ನೀಲಿ ಪರದೆ ಬಂದು ಬಿಟ್‌ಲಾಕರ್ ಕೀ ಕೇಳ್ತಿದೆ. ನಾನು ಲಾಕ್ ಮಾಡೇ ಇಲ್ಲ!

ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದಾಗ ಡಿಸ್ಕ್ ಎನ್‌ಕ್ರಿಪ್ಷನ್ ತಾನಾಗೇ ಆನ್ ಆಗಿರಬಹುದು. ಬಯೋಸ್‌ನಲ್ಲಿ ಟಿಪಿಎಂ, ಸೆಕ್ಯೂರ್ ಬೂಟ್ ಮುಟ್ಟಿದರೆ ಅದು 48 ಅಂಕಿಯ ಕೀ ಕೇಳುತ್ತದೆ. ಮೊಬೈಲ್‌ನಲ್ಲಿ ನಿಮ್ಮ ಮೈಕ್ರೋಸಾಫ್ಟ್ ಖಾತೆಗೆ ಹೋಗಿ ಡಿವೈಸ್ ಪಟ್ಟಿಯಲ್ಲಿ ಹುಡುಕಿ, ಸಾಮಾನ್ಯವಾಗಿ ಅಲ್ಲಿ ಇರುತ್ತದೆ. ಕೀ ಇಲ್ಲದಿದ್ದರೆ ಡಿಸ್ಕ್ ಕಿತ್ತು ಬೇರೆ ಕಡೆ ಹಾಕಿದರೂ ಡೇಟಾ ತೆರೆಯುವುದಿಲ್ಲ. ಅದಕ್ಕೇ ಬಯೋಸ್ ಮುಟ್ಟುವ ಮುಂಚೆ ಕೀ ಕಾಗದದಲ್ಲಿ ಬರೆದುಕೊಳ್ಳಿ, ಬಿಟ್‌ಲಾಕರ್ ಸಸ್ಪೆಂಡ್ ಮಾಡಿ.

ಹೊಸದು ಇಷ್ಟ ಆಗ್ಲಿಲ್ಲ. ವಾಪಸ್ ಹೋಗಬಹುದಾ? ಈ ವಿಂಡೋಸ್ ಓಲ್ಡ್ ಫೋಲ್ಡರ್ ಅಳಿಸ್ಲಾ?

10 ದಿನದ ಒಳಗೆ ಸೆಟ್ಟಿಂಗ್ಸ್‌ನ ರಿಕವರಿ ಪುಟದಿಂದ ವಾಪಸ್ ಹೋಗಬಹುದು. ಹಾಗೆ ಹೋಗಲು ಬೇಕಾದ ಸಾಮಾನೆಲ್ಲ ಇರುವುದು ವಿಂಡೋಸ್ ಓಲ್ಡ್ ಫೋಲ್ಡರ್‌ನಲ್ಲೇ. ಡಿಸ್ಕ್ ಕ್ಲೀನಪ್ ಮಾಡಿದರೆ ಆ ದಾರಿ ಮುಚ್ಚುತ್ತದೆ. ಏನಾದರೂ ಫೈಲ್ ಕಾಣೆಯಾಗಿದ್ದರೆ ಮೊದಲು ಹುಡುಕಬೇಕಾದ ಜಾಗವೂ ಅದೇ.

## ಸ್ವಲ್ಪ ಗೊತ್ತಿರುವವರಿಗೆ

ರೂಫಸ್ ಬಳಸಿ ಹಳೇ ಸಿಸ್ಟಂಗೂ 11 ಹಾಕಬಹುದಂತೆ?

ಆಗುತ್ತದೆ. ರೂಫಸ್ ಅನ್ನುವುದು ವಿಂಡೋಸ್ ಹಾಕುವ ಪೆನ್‌ಡ್ರೈವ್ ತಯಾರಿಸುವ ಪ್ರೋಗ್ರಾಂ, ಟಿಪಿಎಂ ತಪಾಸಣೆ ದಾಟಿಸುವ ಆಯ್ಕೆ ಅದರಲ್ಲಿದೆ. ಆದರೆ ಅಂಥ ಕಂಪ್ಯೂಟರ್‌ಗೆ ಅಪ್‌ಡೇಟ್ ಬರುವ ಖಾತ್ರಿ ಮೈಕ್ರೋಸಾಫ್ಟ್ ಕೊಡುವುದಿಲ್ಲ. ಕೋರ್ 2 ಡ್ಯುಯೋ ಕಾಲದ ಸಿಸ್ಟಂಗಳಲ್ಲಿ 24ಎಚ್2 ಆವೃತ್ತಿ ಬೂಟ್ ಕೂಡ ಆಗುವುದಿಲ್ಲ, ಅದಕ್ಕೆ ಬೇಕಾದ ಸೂಚನೆಗಳೇ ಆ ಪ್ರೊಸೆಸರ್‌ನಲ್ಲಿಲ್ಲ. ಆಟವಾಡಲು ಇನ್ನೊಂದು ಸಿಸ್ಟಂ ಇದ್ದರೆ ಮಾಡಿ ನೋಡಿ. ಮನೆಯಲ್ಲಿರುವ ಒಂದೇ ಕಂಪ್ಯೂಟರ್‌ಗೆ ನಾನು ಬೇಡ ಅನ್ನುತ್ತೇನೆ.

ಡೇಟಾಗೆ ಸ್ವಲ್ಪವೂ ಅಪಾಯ ಇಲ್ಲದ ದಾರಿ ಯಾವುದು?

ಹಳೇ ಹಾರ್ಡ್ ಡಿಸ್ಕ್ ಬಿಚ್ಚಿ ಪಕ್ಕಕ್ಕಿಡಿ, ಹೊಸ ಎಸ್‌ಎಸ್‌ಡಿ ಹಾಕಿ ಅದರ ಮೇಲೆ ಹೊಸ ಓಎಸ್ ಹಾಕಿ. ಹಳೇ ಡಿಸ್ಕ್ ಕಂಪ್ಯೂಟರ್‌ನಲ್ಲೇ ಇಲ್ಲದಿರುವಾಗ ತಪ್ಪಿ ಅಳಿಸುವ ಮಾತೇ ಇಲ್ಲ. ಕೆಲಸ ಮುಗಿದ ಮೇಲೆ ಹಳೇ ಡಿಸ್ಕನ್ನು ಯುಎಸ್‌ಬಿ ಕೇಸಿಂಗ್‌ನಲ್ಲಿ ಹಾಕಿ ಬೇಕಾದ್ದನ್ನು ಎಳೆದುಕೊಳ್ಳಿ. ಯೂಸರ್ಸ್ ಫೋಲ್ಡರ್ ತೆರೆಯುವಾಗ ಅನುಮತಿ ಇಲ್ಲ ಅಂದರೆ ಕಂಟಿನ್ಯೂ ಒತ್ತಿ. ಹತ್ತು ವರ್ಷ ಹಳೆಯ ಲ್ಯಾಪ್‌ಟಾಪ್‌ಗೂ ಎಸ್‌ಎಸ್‌ಡಿ ಹಾಕಿದರೆ ಅದೇ ಮೆಷಿನ್ನಾ ಇದು ಅನ್ನುವ ಹಾಗೆ ಓಡುತ್ತದೆ. ವಿಂಡೋಸ್ 10ರ ಡಿಜಿಟಲ್ ಲೈಸೆನ್ಸ್ ಇದ್ದರೆ, ಮದರ್‌ಬೋರ್ಡ್ ಬದಲಾಗದಿರುವುದರಿಂದ ಅದೇ ಎಡಿಷನ್ ಹಾಕಿದಾಗ ತಾನಾಗೇ ಆ್ಯಕ್ಟಿವೇಟ್ ಆಗುತ್ತದೆ. ದುಡ್ಡು ಖರ್ಚು ಮಾಡಲು ಒಂದೇ ಅವಕಾಶ ಇದೆ ಅಂದರೆ ಇದಕ್ಕೇ ಮಾಡಿ.

ಲಿನಕ್ಸ್ ಮಿಂಟ್ ಹಾಕಿದ್ರೆ ಹಳೇ ಫೈಲ್ ಸಿಗುತ್ತಾ? ಕನ್ನಡ ಬರುತ್ತಾ?

ಎರಡಕ್ಕೂ ಹೌದು. ಮಿಂಟ್ ಅನ್ನುವುದು ವಿಂಡೋಸ್ ಬದಲಿಗೆ ಹಾಕಬಹುದಾದ ಉಚಿತ ಓಎಸ್. ಅದನ್ನು ಪೆನ್‌ಡ್ರೈವ್‌ನಿಂದಲೇ ಓಡಿಸಿ ನೋಡಬಹುದು, ಡಿಸ್ಕ್ ಮುಟ್ಟುವುದಿಲ್ಲ. ವೈಫೈ, ಸೌಂಡ್, ಪ್ರಿಂಟರ್ ಸರಿಯಿದೆಯಾ ಅಂತ ಮೊದಲೇ ಗೊತ್ತಾಗುತ್ತದೆ. ವಿಂಡೋಸ್ ಬೂಟ್ ಆಗದೇ ಹೋದಾಗ ಫೈಲ್ ಹೊರಗೆ ತೆಗೆಯಲೂ ನಾನು ಇದನ್ನೇ ಬಳಸುತ್ತೇನೆ. ವಿಂಡೋಸ್‌ನ ಭಾಗ ಓದಲು ಮಾತ್ರ ಸಿಗುತ್ತಿದೆ, ಬರೆಯಲು ಆಗುತ್ತಿಲ್ಲ ಅಂದರೆ ವಿಂಡೋಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ ಪೂರ್ತಿ ಶಟ್‌ಡೌನ್ ಮಾಡಿ.

ಇನ್‌ಸ್ಟಾಲ್ ಮಾಡುವಾಗ "ಇರೇಸ್ ಡಿಸ್ಕ್" ಆರಿಸಿದರೆ ಡಿ ಡ್ರೈವ್ ಸೇರಿ ಎಲ್ಲ ಹೋಗುತ್ತದೆ, "ಅಲಾಂಗ್‌ಸೈಡ್" ಅಂದರೆ ವಿಂಡೋಸ್ ಉಳಿಸಿಕೊಂಡು ಅದರ ಪಕ್ಕದಲ್ಲಿ ಹಾಕುವುದು. ಗೂಗಲ್‌ನ ಇನ್ನೊಂದು ಓಎಸ್ ಆದ ಕ್ರೋಮ್ ಓಎಸ್ ಫ್ಲೆಕ್ಸ್‌ನಲ್ಲಿ ಆ ಆಯ್ಕೆಯೇ ಇಲ್ಲ, ಅದು ಇಡೀ ಡಿಸ್ಕ್ ಅಳಿಸುತ್ತದೆ. ಕನ್ನಡ ಟೈಪಿಂಗ್‌ಗೆ ಮಿಂಟ್‌ನ ಐಬಸ್ ಅನ್ನುವ ಸೌಲಭ್ಯದಲ್ಲಿ ಕೆಜಿಪಿ (ನುಡಿಯ ಕೀಲಿಮಣೆ ವಿನ್ಯಾಸ), ಇನ್‌ಸ್ಕ್ರಿಪ್ಟ್ ಎರಡೂ ಇವೆ, ನುಡಿ ಫಾಂಟ್ ಕಾಪಿ ಮಾಡಿದರೆ ಹಳೇ ಫೈಲೂ ಕಾಣುತ್ತದೆ. ಟ್ಯಾಲಿ ನಂಬಿಕೊಂಡವರು ಮಾತ್ರ ವಿಂಡೋಸ್‌ನಲ್ಲೇ ಇರಿ.

ಹಾರ್ಡ್ ಡಿಸ್ಕ್ ಟಕ್ ಟಕ್ ಅಂತಿದೆ. ಅಪ್‌ಗ್ರೇಡ್ ಮಾಡಿದ್ರೆ ಸರಿ ಹೋಗುತ್ತಾ?

ಇಲ್ಲ. ಅಪ್‌ಗ್ರೇಡ್, ಚೆಕ್ ಡಿಸ್ಕ್, ಡಿಫ್ರಾಗ್ ಯಾವುದೂ ಬೇಡ, ಇರುವ ಉಸಿರನ್ನೂ ಅವು ತೆಗೆಯುತ್ತವೆ. ಅತಿ ಮುಖ್ಯವಾದ ಫೋಲ್ಡರ್ ಮೊದಲು, ಆಮೇಲೆ ಉಳಿದದ್ದು ಅಂತ ಕಾಪಿ ಮಾಡಿಕೊಳ್ಳಿ. ಸದ್ದಿಲ್ಲದೆ ನಿಧಾನವಾಗಿದ್ದರೆ ಕ್ರಿಸ್ಟಲ್ ಡಿಸ್ಕ್ ಇನ್ಫೋ ಹಾಕಿ ನೋಡಿ. ಅದರಲ್ಲಿ ಹಳದಿ ಬಣ್ಣದ "ಕಾಷನ್" ಕಂಡರೆ ಡಿಸ್ಕ್ ಬದಲಾಯಿಸುವುದೇ ಮೊದಲ ಕೆಲಸ.

ಬ್ಯಾಕಪ್ ಇರ್ಲಿಲ್ಲ, ಫಾರ್ಮ್ಯಾಟ್ ಆಗಿಹೋಯ್ತು. ಏನಾದ್ರೂ ದಾರಿ ಇದೆಯಾ?

ಈ ಕ್ಷಣವೇ ಕಂಪ್ಯೂಟರ್ ಆಫ್ ಮಾಡಿ. ಅದರ ಮೇಲೆ ಏನೂ ಹಾಕಬೇಡಿ, ರಿಕವರಿ ಪ್ರೋಗ್ರಾಂ ಕೂಡ. ಹಳೆಯ ಹಾರ್ಡ್ ಡಿಸ್ಕ್‌ನಲ್ಲಿ ಕ್ವಿಕ್ ಫಾರ್ಮ್ಯಾಟ್ ಆಗಿದ್ದರೆ, ಮೇಲೆ ಹೊಸದು ಬರೆಯದ ಭಾಗದ ಡೇಟಾ ಇನ್ನೂ ಇರುತ್ತದೆ. ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರ್‌ಗೆ ಹಾಕಿ ಟೆಸ್ಟ್‌ಡಿಸ್ಕ್ ಅಥವಾ ಫೋಟೋರೆಕ್ ಓಡಿಸಿ, ಎರಡೂ ಉಚಿತ. ಸಿಕ್ಕ ಫೈಲುಗಳನ್ನು ಮೂರನೇ ಡಿಸ್ಕ್‌ನಲ್ಲಿ ಉಳಿಸಿ. ಫೋಟೋರೆಕ್‌ನಲ್ಲಿ ಹಳೇ ಹೆಸರು, ಫೋಲ್ಡರ್ ಬರುವುದಿಲ್ಲ, ಸಾವಿರಾರು ಫೈಲನ್ನು ಕೂತು ವಿಂಗಡಿಸಬೇಕಾಗುತ್ತದೆ. ಎಸ್‌ಎಸ್‌ಡಿಯಲ್ಲಿ ಟ್ರಿಮ್ ಅನ್ನುವ ವ್ಯವಸ್ಥೆ ಅಳಿಸಿದ ಜಾಗವನ್ನು ಬೇಗನೇ ಖಾಲಿ ಮಾಡಿಬಿಡುವುದರಿಂದ ಸಿಗುವ ಆಸೆ ತುಂಬಾ ಕಡಿಮೆ. ಅಷ್ಟು ಮಾಡುವ ಮೊದಲು ವಾಟ್ಸ್‌ಆ್ಯಪ್‌ನಲ್ಲಿ ನೀವು ಯಾರಿಗೆ ಕಳಿಸಿದ್ದಿರಿ, ಇಮೇಲ್‌ನ ಸೆಂಟ್ ಫೋಲ್ಡರ್‌ನಲ್ಲಿ ಏನಿದೆ, ಮದುವೆ ಫೋಟೋ ತೆಗೆದ ಸ್ಟುಡಿಯೋದವರ ಹತ್ತಿರ ಮೂಲ ಉಳಿದಿದೆಯಾ ಅಂತ ಕೇಳಿ ನೋಡಿ.